ಬುದ್ಧಿವಂತ, ಗಮನವಿಲ್ಲ

“ಅವನು ಕದ್ದಿಲ್ಲ ಕಣಮ್ಮ, ಕಳ್ಕೊಂಡಿದ್ದಾನೆ. ಎರಡಕ್ಕೂ ಅಜಗಜಾಂತರ ಇದೆ!” ತಾಯಿ ಕುರ್ಚಿಯ ತುದಿಗೆ ಸರಿದು ಹೇಳಿದಳು.

ಮೇಜಿನಾಚೆ ಕುಳಿತಿದ್ದ ಮನಶ್ಶಾಸ್ತ್ರಜ್ಞೆ ಬರೆದುಕೊಂಡಳು. ಪಕ್ಕದ ಕೋಣೆಯಲ್ಲಿ ಅವಳ ಸಹೋದ್ಯೋಗಿ ಈ ತಾಯಿಯ ಮಗನನ್ನು ಪರೀಕ್ಷಿಸುತ್ತಿದ್ದ. ಮುಚ್ಚಿದ ಬಾಗಿಲಿನಾಚೆ ಮಗನ ಕಾಲು ನೆಲವನ್ನು ಒಂದೇ ಸಮನೆ ತಟ್ಟುತ್ತಿತ್ತು.

ಬೆಳಗ್ಗೆ ಬರುವಾಗಲೇ ಅವನು ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟಿದ್ದ. “ಅವರು ಪೂರ್ತಿ ಹೇಳೋವರೆಗೂ ನಡುವೆ ಬಾಯಿ ಹಾಕ್ಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು,” ಎಂದು ತಾಯಿ ಗಿಣಿಗೆ ಹೇಳುವ ಹಾಗೆ ಹೇಳಿದ್ದಳು. “ಹೂಂ ಅಮ್ಮಾ,” ಎನ್ನುತ್ತ ಅವನು ಎರಡೆರಡು ಮೆಟ್ಟಿಲು ಹಾರಿದ್ದ. ಹಿಂದೆ ಹತ್ತುವಷ್ಟರಲ್ಲಿ ತಾಯಿಯ ಮೊಣಕಾಲು ಮುಷ್ಕರ ಹೂಡಿತ್ತು.

ಸಂಗತಿ ಮಾತ್ರ ನಗುವಂಥದ್ದಲ್ಲ. ಗಣಿತದ ಪ್ರಶ್ನೆಪತ್ರಿಕೆಯಿದ್ದ ಲಕೋಟೆ ಶಾಲೆಯಿಂದ ಮಾಯವಾಗಿತ್ತು. ಕೊನೆಯ ಸಲ ಕಂಡದ್ದು ಇವನ ಕೈಯಲ್ಲಿ. ಮಾರಿಕೊಂಡಿರಬೇಕು ಎಂಬ ಗುಸುಗುಸು ಬೇರೆ. ಹಿಂದಿನ ವಾರ ತಾಸು ಮೊದಲೇ ಗಂಟೆ ಹೊಡೆದು ಇಡೀ ಶಾಲೆಯನ್ನು ಮನೆಗೆ ಅಟ್ಟಿದ್ದ. ಮಕ್ಕಳು ಹೋ ಎಂದು ಓಡಿದ್ದರು. ಮೇಷ್ಟರುಗಳ ಮೈಯೆಲ್ಲ ಉರಿದಿತ್ತು. ಆಡಳಿತ ಮಂಡಳಿ ಗಡುವು ಕೊಟ್ಟಿತ್ತು: ತಕ್ಕ ಕಾರಣ ಹೇಳಬೇಕು, ಇಲ್ಲವೇ ಶಾಲೆ ಬಿಡಬೇಕು.

“ಮನೇಲಿ ಹೇಗೆ?” ಮನಶ್ಶಾಸ್ತ್ರಜ್ಞೆ ಕೇಳಿದಳು.

“ಚಪ್ಪಲಿ ಎಲ್ಲಿ, ಚೀಲ ಎಲ್ಲಿ ಅಂತ ದಿನಾ ಮನೆಯೆಲ್ಲ ಜಾಲಾಡ್ತಾನೆ. ಊಟದ ಮಧ್ಯೆ ಎದ್ದು ಹೋಗಿ ಗಡಿಯಾರ ಬಿಚ್ಚುತ್ತಾನೆ. ಜೋಡಿಸೋ ಸುದ್ದಿ ಮಾತ್ರ ಕೇಳ್ಬೇಡಿ. ಆದ್ರೆ ಲೆಕ್ಕ ಅಂದ್ರೆ ಅವನಿಗೆ ನೀರು ಕುಡಿದಷ್ಟು ಸುಲಭ.”

“ಚಿಕ್ಕಂದಿನಿಂದಲೂ ಹೀಗೇನಾ? ಅದನ್ನ ತಾಯಿನೇ ಹೇಳ್ಬೇಕು.”

ತಾಯಿ ಅಂಕಪಟ್ಟಿಗಳನ್ನು ಹೊರತೆಗೆದಳು. ಅಂಚುಗಳು ಹರಿದಿದ್ದವು, ಒಂದಕ್ಕೆ ಇಲಿ ಬಾಯಿ ಹಾಕಿತ್ತು. ಎಲ್ಲದರ ಕೆಳಗೂ ಅದೇ ರಾಗ, ಅದೇ ತಾಳ: ‘ಬುದ್ಧಿವಂತ, ಗಮನವಿಲ್ಲ.’

“ಹೊಡೆದಿದ್ದೀನಿ ಕಣಮ್ಮ.” ಅವಳ ದನಿ ಇಳಿಯಿತು. “ಸೋಮಾರಿ ಅಂದ್ಕೊಂಡು. ಒಂದ್ಸಲ ಸೌಟೇ ಮುರೀತು. ಅವನು ಅಳ್ಲಿಲ್ಲ. ಸೌಟು ಅಂಟಿಸೋಕೆ ಗೋಂದು ತರ್ತೀನಿ ಅಂತ ಓಡ್ದ. ಹೋಗಿ, ಯಾಕೆ ಬಂದೆ ಅನ್ನೋದನ್ನೇ ಮರೆತು ನಿಂತ.”

ಇಬ್ಬರೂ ನಕ್ಕುಬಿಟ್ಟರು. ನಗುನಗುತ್ತಲೇ ತಾಯಿ ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಶಾಲೆನೇ ಅವನ ಪ್ರಾಣ. ಅಲ್ಲಿಂದ ತೆಗೆದುಹಾಕಿದ್ರೆ ಕುಗ್ಗಿಹೋಗ್ತಾನೆ.”

ಅಷ್ಟರಲ್ಲಿ ಸಹೋದ್ಯೋಗಿ ಉತ್ತರದ ಹಾಳೆಗಳೊಂದಿಗೆ ಬಂದ. ಅವನ ಕೈಯಲ್ಲೊಂದು ಲಕೋಟೆ. “ಪೆನ್ನು ಹುಡುಕೋಕೆ ಚೀಲ ಬೋರಲು ಹಾಕಿದ್ರು. ಹರಿದ ಒಳಪದರದೊಳಗೆ ಇದು ಸಿಕ್ತು. ಅರಗಿನ ಮೊಹರು ಹಾಗೇ ಇದೆ.”

ತಾಯಿ ಲಕೋಟೆಯನ್ನು ಎದೆಗೊತ್ತಿಕೊಂಡಳು. ಹೋದ ಜೀವ ಬಂದಂತಾಯಿತು.

ಮನಶ್ಶಾಸ್ತ್ರಜ್ಞೆ ಹಾಳೆಗಳನ್ನು ನಿಧಾನವಾಗಿ ನೋಡಿದಳು. “ಇದು ಸೋಮಾರಿತನ ಅಲ್ಲಮ್ಮ. ಗಮನ ಹಿಡಿದಿಡೋದೇ ಈ ಮೆದುಳಿಗೆ ಕಷ್ಟ. ಹುಟ್ಟಿನಿಂದ ಬಂದಿರೋದು, ನಿಮ್ಮ ತಪ್ಪೂ ಅಲ್ಲ. ಶಾಲೆಗೆ ನಾನೇ ಬರೀತೀನಿ. ನೆನಪಿಸೋಕೆ ಪಕ್ಕದಲ್ಲಿ ಒಬ್ಬರಿದ್ರೆ ಚೆನ್ನಾಗೇ ನಡೆಯುತ್ತೆ.”

ಬಾಗಿಲು ತೆರೆಯಿತು. ಮಗ ಬಂದು ತಾಯಿಯ ಎದುರು ನಿಂತ. ಒಳಗೆ ಸಹೋದ್ಯೋಗಿ ಅವನಿಗೂ ವಿಷಯ ತಿಳಿಸಿದ್ದ.

“ಅಮ್ಮಾ, ಗಮನ ಕೊಡಲ್ಲ ಅಂತ ಆರು ಮಕ್ಕಳನ್ನ ದಿನಾ ನನ್ನ ಆಫೀಸಿನ ಹೊರಗೆ ನಿಲ್ಲಿಸ್ತಿದ್ದೆ,” ಎಂದರು ಐವತ್ತಮೂರು ವರ್ಷದ ಹೆಡ್‌ಮಾಸ್ಟರು, “ನಾಳೆ ಮೊದಲು ಅವರನ್ನ ಒಳಗೆ ಕರೀಬೇಕು.”