ಮೊಗ್ಗು ಬಿಟ್ಟ ಗಿಡಗಳು

ಸಾಮಾನು ಹೇರಿದ್ದ ಟ್ರ್ಯಾಕ್ಟರ್ ತೋಟದ ಲೆಕ್ಕ ಬರೆಯಲು ಬಂದ ಹೊಸ ರೈಟರ್‌ನ ಸಂಸಾರವನ್ನು ಅಂಗಳದಲ್ಲಿ ಇಳಿಸಿದಾಗಲೂ ಗುರುಶಾಂತಮ್ಮ ಜೀನಿಯಾ ಗಿಡಗಳಿಗೆ ನೀರು ಹಾಕುತ್ತಲೇ ಇದ್ದಳು. ಧಣಿಗಳಿಗೆ ಎರಡು ಕಾಫಿ ಎಸ್ಟೇಟು. ಇದು ಮಗ್ಗೆಯ ಹತ್ತಿರ, ಇನ್ನೊಂದು ಕೆ. ಹೊಸಕೋಟೆಯಿಂದಾಚೆ. ಇಲ್ಲಿಯ ರೈಟರ್ ಅಲ್ಲಿಗೆ, ಅಲ್ಲಿಯವನು ಇಲ್ಲಿಗೆ ಎಂದು ಮೂರು ದಿನದ ಹಿಂದೆ ಹೇಳಿ ಕಳಿಸಿದ್ದರು. ಇಲ್ಲಿಯ ರೈಟರ್ ಆಗಿದ್ದ ಶಾಂತಮಲ್ಲಪ್ಪನ ಕೈಹಿಡಿದ ಮೇಲೆ ಅವಳು ಬಿಡುತ್ತಿದ್ದ ಐದನೆಯ ಮನೆ ಇದು. ಎಲ್ಲ ಮನೆಗಳ ಮುಂದೂ ಬೀಜ ಹಾಕಿದ್ದಳು. ಹೂ ಕಂಡದ್ದು ಒಂದೇ ಕಡೆ.

ಹೊಸ ರೈಟರ್‌ನ ಹೆಂಡತಿ ಬಿಂದುಶ್ರೀ, ಇನ್ನೂ ಎಳೆಯ ಹುಡುಗಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಹತ್ತಿರ ಬಂದಳು.

"ಬೀಜ ಹಾಕಿ ಎಬ್ಬಿಸಿದ್ದಾ ಅಕ್ಕ?"

"ಹೂಂ. ಎರಡು ಸಲ ಕೋಳಿ ಕೆದಕಿ ಹಾಕ್ಬುಟ್ವು. ಮೂರನೇ ಸಲ ಮುಳ್ಳು ಮುಚ್ಚಿ ಕಾದೆ. ಇನ್ನೊಂದು ವಾರಕ್ಕೆ ಅರಳ್ತಾವೆ. ನೀರು ಬುಡಕ್ಕೆ ಹಾಕು, ಎಲೆ ಮೇಲೆ ಬೇಡ."

ಹುಡುಗಿಯ ಮುಖ ಬಾಡಿತು. "ನಾನೂ ಅಲ್ಲಿ ಚೆಂಡು ಹೂ ಹಾಕಿದ್ದೆ ಅಕ್ಕ. ಬೆಳಿಗ್ಗೆ ಹೊರಡೋವಾಗ ಹೊಟ್ಟೆ ಉರೀತು. ಯಾರೋ ಬಂದು ನೋಡೋಕೆ ನಾನ್ಯಾಕೆ ಬೆಳೆಸ್ಲಿ ಅಂತ ಎಲ್ಲಾನೂ ಕಿತ್ತು ಬಿಸಾಕ್ಬುಟ್ಟೆ. ಆವಾಗ ನಿಮ್ಮ ಮುಖ ನೋಡಿರ್ಲಿಲ್ಲ."

ಗುರುಶಾಂತಮ್ಮನ ಕೈ ತಾನಾಗಿ ಪಕ್ಕದ ಗಿಡದ ಬುಡಕ್ಕೆ ಹೋಗಿ ಕೀಳುವಂತೆ ಹಿಡಿಯಿತು. ಬಿಂದುಶ್ರೀ ತಡೆಯಲಿಲ್ಲ, ತಲೆ ತಗ್ಗಿಸಿ ಕೂಸಿನ ಟೋಪಿ ಸರಿಮಾಡುತ್ತ ನಿಂತಳು. ಒಂದೇ ಎಳೆತಕ್ಕೆ ಬರುವ ಗಿಡ. ಆದರೆ ಮೂರು ದಿನ ಗಂಟುಮೂಟೆ ಕಟ್ಟಿ ಸೋತ ಮೈ. ಸಿಟ್ಟಾಗುವುದಕ್ಕೂ ಒಂದಿಷ್ಟು ಬಲ ಬೇಕು. ಸಡಿಲವಾದ ಮಣ್ಣನ್ನು ಒತ್ತಿ, ಚೆಂಬನ್ನು ಹುಡುಗಿಯ ಕೈಗಿತ್ತು, ತನ್ನ ಸಾಮಾನು ಹೇರಿದ ಮೇಲೆ ಅದೇ ಟ್ರ್ಯಾಕ್ಟರ್ ಹತ್ತಿ ಅದರ ನಡುವೆ ಕೂತಳು.

ಹೊಸ ಮನೆ ತಲುಪಿದಾಗ ಬಿಸಿಲು ಇಳಿದಿತ್ತು. ಬೇಲಿಯ ಪಕ್ಕದಲ್ಲಿ ಚೆಂಡು ಹೂವಿನ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಒಂದೊಂದರಲ್ಲೂ ಕಡಲೆ ಗಾತ್ರದ ಮೊಗ್ಗು. ಹೆಚ್ಚಿನವು ಸೊರಗಿ ಹೋಗಿದ್ದವು. ಕಾಂಡ ಇನ್ನೂ ಬಿಗಿಯಾಗಿದ್ದ ಏಳೆಂಟನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಗುರುಶಾಂತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು.

"ರೀ, ಟ್ರ್ಯಾಕ್ಟರ್ ವಾಪಸ್ ಮಗ್ಗೆ ಕಡೆ ಹೋಗ್ತೈತಲ್ಲ, ಡ್ರೈವರ್ ಕೈಲಿ ಆ ಹುಡುಗಿಗೆ ಹೇಳಿ ಕಳಿಸಿ. ಅವಳ ಗಿಡ ನೆಟ್ಟಾಯ್ತು, ಬೇರು ಹಿಡ್ಕೊಂಡಾವೆ ಅಂತ."

ಮಂಚ ಇಳಿಸುತ್ತಿದ್ದ ಶಾಂತಮಲ್ಲಪ್ಪ ಅವಳ ಮಡಿಲು ನೋಡಿದ. "ಇನ್ನೂ ಗುಂಡೀನೇ ತೆಗೆದಿಲ್ವಲ್ಲೇ?"

"ತೆಗೀತೀನಿ. ಒಂದು ಗಳಿಗೆ ಕೂತು ತೆಗೀತೀನಿ. ನೀವು ಹೇಳಿ ಕಳಿಸಿ."