ಹೂಂಗುಟ್ಟದ ಮಧ್ಯಾಹ್ನ

ಈಗಿನ ಸಿನಿಮಾಗಳಿಗೂ ಅಜ್ಜಿಕತೆಗಳ ಹಠವೇ ಬಂದಿದೆ. ಕೂತವರಲ್ಲಿ ಒಬ್ಬರು ಹೂಂಗುಟ್ಟದಿದ್ದರೂ ಮುಂದಕ್ಕೆ ಸರಿಯುವುದಿಲ್ಲ. ಗದಗಿನ ಥೇಟರಿನಲ್ಲಿ, ಇಂಟರ್‌ವಲ್ಲಿಗೆ ಗಿರಮಿಟ್ ತಿನ್ನುತ್ತ ಸುಲೋಚನಾ ಗೆಳತಿಯರ ಮಾತು ಕೇಳುತ್ತಿದ್ದಳು.

“ಹೋದ ವಾರ ಹಾವೇರ್ಯಾಗ ನೋಡಿದ್ನಿ,” ಎಂದಳು ಮೆಹಬೂಬಿ. “ಹಾಡು ಚಲೋ ಅದಾವ. ಕಡೀಕ ಅಂಬಿಗಿತ್ತಿ ಹೊಳಿಪಾಲ ಆಕ್ಕಾಳ.”

“ಆಗ್ಲಿ ಬಿಡ. ಅಳಾಕಂತನ ಎರಡು ಕರವಸ್ತ್ರ ತಂದೀನಿ,” ಎಂದು ಕಸ್ತೂರೆವ್ವ ನಕ್ಕಳು.

“ಊರೂರಾಗ ಹೂಂ ಅಂದು ಮುಳುಗಿಸ್ಯಾರ. ಇವತ್ತ ನಾ ಅನ್ನಂಗಿಲ್ಲ,” ಎಂದಳು ಸುಲೋಚನಾ. ಅವಳ ಅಜ್ಜಿಯ ಕತೆಗಳಲ್ಲಿ ಹೊಳೆಗಿಳಿದವಳು ದಡ ಮುಟ್ಟದೆ ಕೇಳುತ್ತಿದ್ದ ಯಾವ ಮಗುವೂ ಮಲಗುತ್ತಿರಲಿಲ್ಲ.

ಆಟ ಮತ್ತೆ ಶುರುವಾಗಿ ದೋಣಿ ಮಗುಚಿತು. ಅಂಬಿಗಿತ್ತಿಯ ಕೈಯೊಂದೇ ನೀರ ಮೇಲೆ ಉಳಿದಾಗ ಥೇಟರೆಲ್ಲ ಹೂಂ ಅಂದಿತು. ಸುಲೋಚನಾ ತುಟಿ ಬಿಗಿದಳು. ಪರದೆಯ ಮೇಲೆ ಹೊಳೆ ನಿಂತುಬಿಟ್ಟಿತು.

“ಯಾರವ್ವಾ ಅದು? ಬಸ್ಸಿಗೆ ಹೊತ್ತಾಕ್ಕೈತಿ, ಹೂಂ ಅಂದುಬಿಡು,” ಎಂದು ಹಿಂದಿನಿಂದ ಯಾರೋ ಗದರಿದರು.

ಸುಲೋಚನಾಳ ಕಿವಿ ಬಿಸಿಯಾಯಿತು, ಬಾಯಿ ತೆರೆಯಲಿಲ್ಲ. ಆ ಒಂಟಿ ಕೈಯನ್ನೇ ನೋಡುತ್ತಿದ್ದ ಕಸ್ತೂರೆವ್ವ ಕರವಸ್ತ್ರ ಮಡಚಿ ಸೊಂಟಕ್ಕೆ ಸಿಗಿಸಿದಳು. “ನಾನೂ ಇನ್ನ ಹೂಂ ಅನ್ನಂಗಿಲ್ಲ. ಏನ್ ಮಾಡ್ತೀರಿ?” ಹಾವೇರಿಯಲ್ಲಿ ಹೂಂ ಅಂದು ಬಂದಿದ್ದ ಮೆಹಬೂಬಿಯೂ ಬಾಯಿಗೆ ಸೆರಗು ಒತ್ತಿಕೊಂಡಳು. ಮೌನ ಸಾಲಿನಿಂದ ಸಾಲಿಗೆ ಹಬ್ಬಿತು.

ಕತೆ ತಿದ್ದುವ ಮುನ್ನ ಅಜ್ಜಿ ಗಂಟಲು ಸರಿಮಾಡಿಕೊಂಡಂತೆ ಪರದೆ ಒಮ್ಮೆ ಮಿನುಗಿತು. ಮುಳುಗುತ್ತಿದ್ದ ಕೈಗೆ ಹುಟ್ಟು ಸಿಕ್ಕಿತು. ಅಂಬಿಗಿತ್ತಿ ಮಗುಚಿದ ದೋಣಿ ಹತ್ತಿ ಕೂತು, ತೊಯ್ದ ಕೂದಲು ಹಿಂದಕ್ಕೆಸೆದು, ಮುಂದೆ ಹೋಗಲೇ ಎನ್ನುವಂತೆ ಸೀದಾ ಸುಲೋಚನಾಳತ್ತ ನೋಡಿದಳು.

“ಹೂಂ,” ಎಂದಳು ಸುಲೋಚನಾ. ಬಸ್ಸಿಗೆ ಹೊತ್ತಾದವರೂ ಸೇರಿ ಇಡೀ ಥೇಟರು, ಹೊರಗಿನ ಗಿರಮಿಟ್ಟಿನವನಿಗೂ ಕೇಳುವಂತೆ ಹೂಂ ಅಂದಿತು.