ಲಿಫ್ಟಿನಲ್ಲಿ ಹಿಡಿಸುವ ಕುರ್ಚಿ

"ಕುರ್ಚಿ ಮಾಡ್ತೀನಿ ಅನ್ನು, ಸಾಕು. ಯಾರಿಗೆ ಅಂತ ಬಾಯಿ ಬಿಡಬ್ಯಾಡ," ಎಂದು ಶಿವಲಿಂಗಮ್ಮ ಶಾಲೆಯ ಗೇಟಿನ ಬಳಿಯೇ ಮಗಳ ಕೈ ಹಿಡಿದು ನಿಲ್ಲಿಸಿದರು. ರಾಣೆಬೆನ್ನೂರು ಬಿಟ್ಟು ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಬಾಯಿಂದ ಆ ಕಡೆಯ ಮಾತು ಹೋಗಿರಲಿಲ್ಲ. "ನಿನ್ನ ಕಾಲಿಗೆ ಬೀಳ್ತೀನವ್ವಾ, ಇವತ್ತೊಂದು ದಿನ."

"ಮಕ್ಕಳ ಮುಂದೆ ಸುಳ್ಳು ಹೇಳ್ಲಾ ಅಮ್ಮ?" ಎಂದಳು ಸ್ಫೂರ್ತಿ.

"ಸುಳ್ಳು ಎಲ್ಲೈತಿ ಇದರಾಗ? ಕುರ್ಚಿ ಕುರ್ಚಿನೇ ಅಲ್ಲೇನು?"

ಸ್ಫೂರ್ತಿ ಕೈ ಬಿಡಿಸಿಕೊಂಡು ಒಳಗೆ ಹೋದಳು. ಅವಳು ಓದಿದ ಬಾಗಲಗುಂಟೆಯ ಆ ಶಾಲೆಯಲ್ಲಿ ಅಂದು ಹಳೆಯ ವಿದ್ಯಾರ್ಥಿಗಳ ದಿನ. ಚಿತ್ರ, ವಿನ್ಯಾಸ ಅಂತ ಯಾರೂ ಊಹಿಸದ ದಾರಿ ಹಿಡಿದವರು ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕು. ಸ್ಫೂರ್ತಿ ಹಿಡಿದ ದಾರಿಯೋ, ಅಬ್ಬಬ್ಬಾ! ಅವರ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಕೂರಿಸಿ, ಹೂವಿನಿಂದ ಅಲಂಕರಿಸಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಊರಿನ ಮನೆಯಲ್ಲಾದರೆ ಹೊಸ್ತಿಲು ದಾಟಿಸಿದರೆ ಬೀದಿ. ಹೂಡಿಯಂಥ ಕಡೆ ಹನ್ನೆರಡನೇ ಮಹಡಿಯ ಫ್ಲಾಟಿನಿಂದ ಕೂತ ದೇಹವನ್ನು ಇಳಿಸುವುದು ಹೇಗೆ? ಸ್ಫೂರ್ತಿ ಅದಕ್ಕೆಂದೇ ಒಂದು ಕುರ್ಚಿ ಮಾಡಿದ್ದಳು. ಚಕ್ರವಿರುವ, ಮಡಚಿಡಬಹುದಾದ, ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಸಲೀಸಾಗಿ ಹೋಗುವ ಕುರ್ಚಿ. ಪೀಣ್ಯದ ಒಂದು ಶೆಡ್ಡಿನಲ್ಲಿ ಮಾಡಿಸಿ, ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ಅನ್ನದೆ ಫೋನು ಬಂದ ಕಡೆಗೆಲ್ಲ ಕಳಿಸುತ್ತಿದ್ದಳು.

ಕೆಲಸ ಪುಣ್ಯದ್ದೇ, ಇಲ್ಲ ಅಂದವರು ಯಾರು? ಆದರೆ ಪುಣ್ಯ ನೋಡಿಕೊಂಡು ಯಾರಾದರೂ ಹೆಣ್ಣು ಕೇಳಿಕೊಂಡು ಬರುತ್ತಾರಾ? "ಹೆಣದ ಕುರ್ಚಿ ಮಾಡೋ ಹುಡುಗಿ" ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಒಂದಲ್ಲ ಎರಡು ಸಂಬಂಧ ಸದ್ದಿಲ್ಲದೆ ಕೈತಪ್ಪಿದ್ದವು. ಗಂಡ ಹೋದ ಮೇಲೆ ಮಗಳ ಮದುವೆಯ ಜವಾಬ್ದಾರಿ ಶಿವಲಿಂಗಮ್ಮ ಒಬ್ಬರದೇ. ಅದಕ್ಕೇ ಈ ಸಲ ಭಾರೀ ಬುದ್ಧಿ ಓಡಿಸಿದ್ದರು. ಗಂಡಿನ ತಾಯಿ ಶ್ಯಾಮಲಾ ಅವರನ್ನು, ಮಗಳಿಗೊಂದು ಮಾತೂ ಹೇಳದೆ, ಈ ಸಮಾರಂಭಕ್ಕೇ ಕರೆದುಬಿಟ್ಟಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹುಡುಗಿಯನ್ನು ನೋಡುವುದು ಬೇರೆ, ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಹುಡುಗಿಯನ್ನು ನೋಡುವುದೇ ಬೇರೆ, ಅಲ್ಲವೇ? ಈಗ ಇಬ್ಬರೂ ಅಕ್ಕಪಕ್ಕ ಕೂತಿದ್ದರು.

ಮೊದಲು ಮಾತಾಡಿದವನು ಸ್ಫೂರ್ತಿಯ ಸಹಪಾಠಿ ಮಲ್ಲಿಕ್. ಮೆಕ್ಯಾನಿಕಲ್ ಓದಿದವನು ಈಗ ವಿಡಿಯೊ ಗೇಮುಗಳಿಗೆ ಚಿತ್ರ ಬರೆಯುತ್ತಾನಂತೆ. "ಹೀರೋನ ನಾನು ಬರೆಯಲ್ಲ. ಹೀರೋ ಓಡ್ತಾನಲ್ಲ, ಅವನ ಕಾಲ್ಕೆಳಗಿನ ಹುಲ್ಲು, ಅದು ನಂದು ಕಣ್ರೋ," ಅಂದ. ಮಕ್ಕಳು ಹೋ ಎಂದು ನಕ್ಕರು.

ಆಮೇಲೆ ಸ್ಫೂರ್ತಿ. ಪರದೆಯ ಮೇಲೆ ಕುರ್ಚಿಯ ಚಿತ್ರ ಬಂತು. ಬೂದು ಬಣ್ಣದ ಮೆತ್ತೆ, ಅಗಲವಾದ ಆಸನ, ತಲೆಗೆ ಆಸರೆಯಾಗುವ ಎತ್ತರದ ಒರಗು, ಪುಟ್ಟ ಚಕ್ರಗಳು. ನಿಜಕ್ಕೂ ಲಕ್ಷಣವಾಗಿತ್ತು. ಅದನ್ನು ಮಡಚುವ ಬಗೆಯನ್ನು ಅವಳು ವಿವರಿಸುತ್ತಿದ್ದರೆ ಶ್ಯಾಮಲಾ ಕಣ್ಣರಳಿಸಿ, "ಎಷ್ಟು ಚಂದ ಐತ್ರೀ! ನಮ್ಮ ಹೊಸ ಫ್ಲಾಟಿಗೆ ಇಂಥವು ಆರು ಮಾಡ್ಸೋಣ, ಊಟದ ಟೇಬಲ್ಲಿಗೆ," ಎಂದು ಪಿಸುಗುಟ್ಟಿದರು.

ಶಿವಲಿಂಗಮ್ಮ ಶಿವಶಿವಾ ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಅಕ್ಕ, ಈ ಚೇರು ಯಾರಿಗೆ?"

ಸ್ಫೂರ್ತಿ ಅಮ್ಮನ ಕಡೆ ನೋಡಿದಳು. "ವಯಸ್ಸಾದವ್ರಿಗೆ," ಅಂದಳು.

"ನಮ್ಮಜ್ಜಿಗೆ ಮಂಡಿ ನೋವು ಅಕ್ಕ. ಇದ್ರಲ್ಲಿ ಕೂತ್ರೆ ಒಬ್ರೇ ಎದ್ದೇಳ್ಬಹುದಾ?"

"ಎದ್ದೇಳೋಕೆ... ಅದು..." ಸ್ಫೂರ್ತಿ ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಮಕ್ಕಳಲ್ಲಿ ಗುಸುಗುಸು ಎದ್ದಿತು. ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತ ಮಗಳನ್ನು ಶಿವಲಿಂಗಮ್ಮ ನೋಡಿದರು. ಅಯ್ಯೋ, ನನ್ನ ಕೂಸು ಯಾರಿಗೇನು ಮಾಡಿದೆ ಅಂತ ಹೀಗೆ ನಿಲ್ಲಬೇಕು? ನಿಲ್ಲಿಸಿದವಳು ನಾನೇ ಅಲ್ಲವೇ?

"ಎದ್ದೇಳೂದಕ್ಕಲ್ಲವ್ವಾ ಅದು," ಎಂದು ಅವರು ಎದ್ದು ನಿಂತೇಬಿಟ್ಟರು. ಆ ಧ್ವನಿಗೆ ಮೈಕು ಬೇಕಾಗಲಿಲ್ಲ. "ಸತ್ತವರನ್ನ ಕುಂದ್ರಿಸೂ ಕುರ್ಚಿ. ನನ್ನ ಮಗಳು ಮಾಡ್ಯಾಳ."

ಶ್ಯಾಮಲಾ ಪಟ್ಟನೆ ತಿರುಗಿದರು. ಶಿವಲಿಂಗಮ್ಮ ಅತ್ತ ನೋಡಲಿಲ್ಲ. ಹೋದರೆ ಹೋಗಲಿ ಈ ಸಂಬಂಧವೂ.

"ನಮ್ಮ ಯಜಮಾನ್ರು ಹೋದಾಗ ಇದು ಇರಲಿಲ್ಲ. ಪ್ಲಾಸ್ಟಿಕ್ ಕುರ್ಚ್ಯಾಗ ಕುಂದ್ರಿಸಿ, ಪಂಚೆಯಿಂದ ಬಿಗಿದು, ಕಸದ ಡಬ್ಬಿ ಒಯ್ಯೋ ಲಿಫ್ಟಿನ್ಯಾಗ ಇಳಿಸಿದ್ವಿ. ನಡುನಡುವೆ ಬಾಗಿಲು ತೆರೀತಿತ್ತು, ಮಂದಿ ನೋಡಿ ಹಿಂದಕ್ಕ ಸರೀತಿದ್ರು. ಯಾರ ಮುಂದೂ ತಲಿ ಬಗ್ಗಿಸಿದ ಮನುಷ್ಯಾ ಅಲ್ಲ ಅವರು. ಅವತ್ತು ನಾ ಎಷ್ಟು ಎತ್ತಿ ಹಿಡಿದ್ರೂ ತಲಿ ಎದಿ ಮ್ಯಾಲ ಬೀಳ್ತಿತ್ತು."

ಪ್ರಶ್ನೆ ಕೇಳಿದ ಹುಡುಗಿ ಇನ್ನೂ ನಿಂತೇ ಇದ್ದಳು. ಶಿವಲಿಂಗಮ್ಮ ಅವಳನ್ನೇ ನೋಡುತ್ತಾ ಹೇಳಿದರು:

"ನನ್ನ ಮಗಳ ಕುರ್ಚ್ಯಾಗ ತಲಿ ಬೀಳಂಗಿಲ್ಲವ್ವಾ."